ನಿಮಗಿದು ಗೊತ್ತೆ? ಗುಹೆಯ ಚಾವಣಿಯಲ್ಲಿ ಬೆಳಕಿನ ಬಲೆ

ನ್ಯೂಜಿಲೆಂಡಿನ ವೈಟೊಮೊ ಗುಹೆಯಲ್ಲಿ ದೋಣಿಯೊಳಗೆ ಕುಳಿತು ತಲೆ ಎತ್ತಿದರೆ ಚಾವಣಿಯ ತುಂಬ ನೀಲಿ-ಹಸಿರು ಚುಕ್ಕಿಗಳು. ಮುಂಗಾರಿಗೆ ಮುಂಚೆ ನಮ್ಮ ಮಲೆನಾಡಿನ ಮರಗಳಲ್ಲಿ ಮಿನುಗುವ ಮಿಣುಕುಹುಳುಗಳಿಗೆ ಇವು ಹತ್ತಿರದ ಬಂಧುಗಳಲ್ಲ. ಮಿಣುಕುಹುಳು ದುಂಬಿಯ ಜಾತಿ. ಗುಹೆಯ ಈ ಚುಕ್ಕಿಯೋ ಸೊಳ್ಳೆಯಂತೆ ಕಾಣುವ ಒಂದು ಕೀಟದ ಮರಿಹುಳು. ವೈಜ್ಞಾನಿಕ ಹೆಸರು ಅರಾಕ್ನೊಕ್ಯಾಂಪಾ ಲ್ಯುಮಿನೋಸಾ.

ಮಿಣುಕುಹುಳು ಬೆಳಗುವುದು ಸಂಗಾತಿಯನ್ನು ಕರೆಯಲು. ವೈಟೊಮೊದ ಮರಿಹುಳು ಬೆಳಗುವುದು ಬೇಟೆಗೆ! ಚಾವಣಿಗೆ ಅಂಟಿಕೊಂಡ ಹುಳು ಹತ್ತಾರು ರೇಷ್ಮೆ ಎಳೆಗಳನ್ನು ಕೆಳಗೆ ಇಳಿಬಿಡುತ್ತದೆ. ಪ್ರತಿ ಎಳೆಯಲ್ಲೂ ಪೋಣಿಸಿದ ಮುತ್ತಿನಂತೆ ಅಂಟಿನ ಹನಿಗಳು. ಗುಹೆಯ ಹೊಳೆಯಿಂದ ಮೇಲೆದ್ದ ಸಣ್ಣ ಕೀಟ ಬೆಳಕಿನತ್ತ ಹಾರಿ ಸಿಕ್ಕಿಕೊಂಡರೆ, ಹುಳು ಆ ಎಳೆಯನ್ನು ಮೇಲಕ್ಕೆಳೆದು ತಿನ್ನುತ್ತದೆ. ಇನ್ನೂ ದೊಡ್ಡ ವಿಸ್ಮಯವೆಂದರೆ, ಈ ಬೆಳಕು ಹುಟ್ಟುವುದು ಅದರ ವಿಸರ್ಜನಾ ನಾಳಗಳ ತುದಿಯಲ್ಲಿ. ತಿಂಗಳುಗಟ್ಟಲೆ ಹೀಗೆ ತಿಂದು ಬೆಳೆದ ಹುಳುವಿಗೆ ರೆಕ್ಕೆ ಬಂದ ಮೇಲೆ ಉಣ್ಣಬಲ್ಲ ಬಾಯಿಯೇ ಇರುವುದಿಲ್ಲ. ಕೆಲವೇ ದಿನಗಳಲ್ಲಿ ಸಂಗಾತಿಯನ್ನು ಕೂಡಿ ಸಾಯುತ್ತದೆ.

1887ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮುಖಂಡ ತಾನೆ ಟಿನೊರಾವು, ಸರ್ವೇಯರ್ ಫ್ರೆಡ್ ಮೇಸ್ ಜೊತೆ ತೆಪ್ಪದಲ್ಲಿ ಮೇಣದಬತ್ತಿ ಹಿಡಿದು ಈ ಗುಹೆಯನ್ನು ಹೊಕ್ಕರು. 1889ರಿಂದ ಟಿನೊರಾವು ಅವರೇ ಪ್ರವಾಸಿಗರನ್ನು ಕರೆದೊಯ್ಯತೊಡಗಿದರು. 1906ರಲ್ಲಿ ಸರ್ಕಾರ ಗುಹೆಯನ್ನು ವಶಕ್ಕೆ ತೆಗೆದುಕೊಂಡಿತು. ಅದು ಮೂಲ ಒಡೆಯರ ವಂಶಸ್ಥರಿಗೆ ಮರಳಿದ್ದು 1989ರಲ್ಲಿ, ಮರಳಬೇಕಾದದ್ದೇ ಅದು.

ಪ್ರವಾಸಿಗರ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಗುಹೆಯ ಸುಣ್ಣಕಲ್ಲು ಸವೆಯುತ್ತದೆ. ಹಾಗಾಗಿ ಗುಹೆಯೊಳಗಿನ ಗಾಳಿಯನ್ನು ಸದಾ ಅಳೆಯುತ್ತಿರುತ್ತಾರೆ.