ಮಗುವಿನ ಚಂಚಲತೆಗೆ ಥೈರಾಯ್ಡ್ ಕಾರಣವೇ?

‘ನಿಮ್ಮ ಮಗ ಒಂದು ಕಡೆ ಕೂರುವುದೇ ಇಲ್ಲ’ ಎಂದು ಶಾಲೆಯಿಂದ ದೂರು ಬಂದರೆ ಮನೆಯಲ್ಲಿ ಮೊದಲು ಬೈಗುಳ, ಆಮೇಲೆ ಟ್ಯೂಷನ್, ಕೊನೆಗೆ ಡಾಕ್ಟರು. ಅಲ್ಲಿ ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆಯ ತೊಂದರೆ) ಎಂಬ ಹೆಸರು ಕಿವಿಗೆ ಬಿದ್ದರೆ, ‘ಥೈರಾಯ್ಡ್ ಟೆಸ್ಟ್ ಮಾಡಿಸೋಣವೇ ಡಾಕ್ಟ್ರೇ?’ ಎನ್ನುವ ತಂದೆತಾಯಿ ಉಂಟು.

ಈ ಪ್ರಶ್ನೆ ಬುಡವಿಲ್ಲದ್ದೇನಲ್ಲ. ಥೈರಾಯ್ಡ್ ಹಾರ್ಮೋನಿಗೆ ದೇಹ ಸರಿಯಾಗಿ ಸ್ಪಂದಿಸದ ಆನುವಂಶಿಕ ತೊಂದರೆಯೊಂದಿದೆ. ಅದಿರುವ 18 ಕುಟುಂಬಗಳ 104 ಮಂದಿಯನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 1993ರಲ್ಲಿ ವರದಿ ಪ್ರಕಟಿಸಿದರು. ತೊಂದರೆಯಿದ್ದ ಮಕ್ಕಳಲ್ಲಿ ಶೇ 70ರಷ್ಟು ಮಂದಿಗೆ ಎಡಿಎಚ್‌ಡಿ ಇತ್ತು. ಅದೇ ಕುಟುಂಬಗಳ ಉಳಿದ ಮಕ್ಕಳಲ್ಲಿ ಶೇ 20ರಷ್ಟು ಮಂದಿಗೆ. ಬೆಳೆಸಿದ ರೀತಿಯ ಮೇಲಷ್ಟೇ ಗೂಬೆ ಕೂರಿಸುವಂತಿರಲಿಲ್ಲ.

ಈ ತೊಂದರೆಯಿರುವವರ ರಕ್ತದಲ್ಲಿ ಹಾರ್ಮೋನ್ ಧಾರಾಳ. ಅದು ಬಾಗಿಲು ತಟ್ಟಿದರೂ ಜೀವಕೋಶದ ಗ್ರಾಹಿ ಸರಿಯಾಗಿ ಓಗೊಡುವುದಿಲ್ಲ. ಸಾಮಾನ್ಯವಾಗಿ ಥೈರಾಯ್ಡ್ ಹಾರ್ಮೋನ್ ಟಿ4 ಏರಿದರೆ ಗ್ರಂಥಿಯನ್ನು ಪ್ರಚೋದಿಸುವ ಟಿಎಸ್‌ಎಚ್ ತೀರಾ ಇಳಿಯಬೇಕು. ಇವರಲ್ಲಿ ಇಳಿಯುವುದಿಲ್ಲ. ಹೃದಯದಲ್ಲಿ ಹೆಚ್ಚಾಗಿರುವ ಇನ್ನೊಂದು ಬಗೆಯ ಗ್ರಾಹಿ ಸರಿಯಾಗಿಯೇ ಇರುವುದರಿಂದ ಎದೆಬಡಿತ ಮಾತ್ರ ಜೋರು. ಇದನ್ನು ಹೈಪರ್‌ಥೈರಾಯ್ಡ್ (ಗ್ರಂಥಿ ಹಾರ್ಮೋನನ್ನು ಅತಿಯಾಗಿ ಸ್ರವಿಸುವ ಕಾಯಿಲೆ) ಎಂದೇ ಬಗೆದು ಗ್ರಂಥಿಯನ್ನು ತೆಗೆದುಹಾಕಿದ ಪ್ರಕರಣಗಳೂ ಇವೆ.

ಆದರೆ ಈ ತೊಂದರೆ ಸುಮಾರು 40 ಸಾವಿರಕ್ಕೆ ಒಬ್ಬರಲ್ಲಿ ಕಾಣುವಂಥದ್ದು. ಎಡಿಎಚ್‌ಡಿಯೋ ನೂರು ಮಕ್ಕಳಲ್ಲಿ ಸುಮಾರು ಐವರಿಗೆ. ಅಂದರೆ ಎಡಿಎಚ್‌ಡಿ ಇರುವ ಬಹುಪಾಲು ಮಕ್ಕಳ ಥೈರಾಯ್ಡ್ ನೆಟ್ಟಗಿರುತ್ತದೆ. ಎಲ್ಲರಿಗೂ ರಕ್ತಪರೀಕ್ಷೆ ಬೇಕಿಲ್ಲ.

ಯಾರಿಗೆ ಬೇಕು? ‘ಇದು ಶುರುವಾದದ್ದು ಯಾವಾಗ?’ ಎಂಬುದನ್ನು ಮೊದಲು ಕೇಳಬೇಕು. ಎಡಿಎಚ್‌ಡಿಯ ಲಕ್ಷಣಗಳು 12 ವರ್ಷದೊಳಗೇ ತಲೆದೋರಿರುತ್ತವೆ. ಅಲ್ಲಿಯವರೆಗೆ ಚೆನ್ನಾಗಿ ಓದುತ್ತಿದ್ದ ಹುಡುಗಿ ಒಂಬತ್ತನೇ ತರಗತಿಯಲ್ಲಿ ಇದ್ದಕ್ಕಿದ್ದಂತೆ ಸಿಡಿಮಿಡಿಗೊಂಡು, ಕೈ ನಡುಗಿ ಮುದ್ದಾದ ಅಕ್ಷರ ಕೆಟ್ಟು, ಚೆನ್ನಾಗಿ ಉಂಡರೂ ಸೊರಗುತ್ತಿದ್ದರೆ ಹಾರ್ಮೋನ್ ಹೆಚ್ಚಾಗಿರಬಹುದು. ಪಾಠದಲ್ಲಿ ತೂಕಡಿಸುವ, ಎತ್ತರ ನಿಂತುಹೋದ, ಮಲಬದ್ಧತೆ ಬಿಡದ ಮಗುವಿಗೆ ಹಾರ್ಮೋನ್ ಸಾಲದೆ ಇರಬಹುದು. ಗಂಟಲು ಊದಿದ್ದರೆ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ತೊಂದರೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಬೇಕು.

ಟೆಸ್ಟ್ ಮಾಡಿಸುವುದಾದರೆ ಟಿಎಸ್‌ಎಚ್ ಜೊತೆಗೆ ಫ್ರೀ ಟಿ4 ಕೂಡ ಇರಲಿ. 1993ರ ವರದಿಯಲ್ಲಿರುವಂಥ ಮಕ್ಕಳ ಟಿಎಸ್‌ಎಚ್ ಒಂದನ್ನೇ ನೋಡಿದರೆ ಎಲ್ಲ ಸರಿಯಿದೆ ಎಂದೇ ಅನ್ನಿಸೀತು. ಎರಡೂ ಸರಿಯಿದ್ದರೆ ಗಮನ ಹೆಚ್ಚಲೆಂದು ಥೈರಾಯ್ಡ್ ಮಾತ್ರೆ ನುಂಗಿಸಬೇಡಿ. ಮುಂದಿನ ದಾರಿ ಮಕ್ಕಳ ಮನೋವೈದ್ಯರ ಕಡೆಗೆ.