ಜಾವಾದಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಸ್ತೀರಾ? ಬರೀ ಇನ್‌ಸ್ಟಾಲ್ ಫೈಲ್ ತಗೊಂಡು ಸುಮ್ಮನಾಗಬೇಡಿ

ಸಿಂಧನೂರು: 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯ್ತು. ಶಾಂಪೂ, ಟೂತ್‌ಪೇಸ್ಟ್ ಶೇ 18ರಿಂದ 5ಕ್ಕೆ ಬಂತು, ಟ್ರ್ಯಾಕ್ಟರ್ 12ರಿಂದ 5ಕ್ಕೆ. ದೊಡ್ಡ ಕಂಪನಿಯ ಸಾಫ್ಟ್‌ವೇರ್ ಇದ್ದವರಿಗೆ ಅಪ್‌ಡೇಟ್ ಬರುತ್ತೆ. ಪರಿಚಯದ ಹುಡುಗನ ಕೈಲಿ ಜಾವಾದಲ್ಲಿ ಮಾಡಿಸಿಕೊಂಡವರ ಕಥೆ ಬೇರೆ. ದರವನ್ನ ಕೋಡ್ ಒಳಗೇ ಬರೆದಿದ್ದರೆ ಅವನನ್ನೇ ಹುಡುಕಬೇಕು. ಅವನು ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದರೆ? ಇನ್ನೊಬ್ಬರು ರಿಪೇರಿ ಮಾಡಬಹುದಾ ಇಲ್ವಾ ಅನ್ನೋದು ಯಾವ ಟೂಲ್‌ನಲ್ಲಿ ಮಾಡಿದ್ದಾರೆ, ಅದರ ಯಾವ ಫೈಲ್ ನಿಮ್ಮ ಹತ್ರ ಇದೆ ಅನ್ನೋದರ ಮೇಲಿದೆ.

ನೆಟ್‌ಬೀನ್ಸ್ ಕಲಿಯೋರಿಗೆ ಸಲೀಸು, ಪುಕ್ಕಟೆ. ಬಟನ್, ಟೇಬಲ್ ಎಳೆದು ಇಟ್ಟರೆ ಬಿಲ್ಲಿನ ಪರದೆ ರೆಡಿ. ಇದು ಬಳಸೋದು 1998ರಿಂದ ಜಾವಾ ಜೊತೆಗೇ ಬರುತ್ತಿರುವ ಸ್ವಿಂಗ್. ನೋಡೋಕೆ ಹಳೇದು, ಆದ್ರೆ ಗಟ್ಟಿ. ಒಂದು ತೊಡಕಿದೆ. ಪರದೆಯ ವಿನ್ಯಾಸ 'ಡಾಟ್ ಫಾರ್ಮ್' ಅನ್ನೋ ಬೇರೆ ಫೈಲ್‌ನಲ್ಲಿ ಇರುತ್ತೆ. ಅದು ಕಳೆದುಹೋದರೂ ಸಾಫ್ಟ್‌ವೇರ್ ಓಡುತ್ತೆ, ಹಂಗಾಗಿ ಯಾರಿಗೂ ಗೊತ್ತಾಗಲ್ಲ. ಆಮೇಲೆ ಬಂದವನು ಒಂದು ಕಾಲಂ ಸೇರಿಸೋಕೆ ಹೋದಾಗ ವಿನ್ಯಾಸ ತೆರೆಯೋದೇ ಇಲ್ಲ, ಕೈಯಿಂದ ಬರೀಬೇಕು.

ಎಕ್ಲಿಪ್ಸ್‌ನ ವಿಂಡೋ ಬಿಲ್ಡರ್‌ನಲ್ಲಿ ಈ ತಾಪತ್ರಯ ಇಲ್ಲ. ಅದು ಜಾವಾ ಕೋಡ್ ಓದಿಯೇ ಪರದೆ ತೋರಿಸುತ್ತೆ. ಕೈ ಬದಲಾಗೋ ಕೆಲಸಕ್ಕೆ ನನ್ನ ಓಟು ಇದಕ್ಕೇ. ಇಂಟೆಲಿಜೆ ಕೋಡ್ ಬರೆಯೋಕೆ ಎಲ್ಲಕ್ಕಿಂತ ಚೆಂದ, ಆದ್ರೆ 4 ಜಿಬಿ ರ‍್ಯಾಮ್ ಲ್ಯಾಪ್‌ಟಾಪ್‌ಗೆ ಭಾರ.

ಚೆಂದದ ಪರದೆ ಬೇಕಂದ್ರೆ ಜಾವಾ ಎಫ್ಎಕ್ಸ್, ಅದಕ್ಕೆ ಸೀನ್ ಬಿಲ್ಡರ್ ಇದೆ. 2018ರ ಜಾವಾ 11ರಿಂದ ಇದನ್ನ ಒರಾಕಲ್ ಜಾವಾದಿಂದ ಬೇರೆ ಮಾಡಿದೆ, ಪ್ರತ್ಯೇಕವಾಗಿ ಸೇರಿಸಬೇಕು. ಕಿರಾಣಿ ಬಿಲ್ಲಿಗೆ ಇಷ್ಟು ಬೇಕಾ ಅಂತ ಕೇಳಿದ್ರೆ, ಬೇಡ.

ಇನ್ನು ಅಂಗಡಿಯ ಕಂಪ್ಯೂಟರ್. ಲಿಂಗಸುಗೂರಿನ ಜನರಲ್ ಸ್ಟೋರ್ ಇರಲಿ, ಮಸ್ಕಿಯ ಗೊಬ್ಬರದ ಅಂಗಡಿ ಇರಲಿ, ಕೌಂಟರ್‌ನಲ್ಲಿ ಹಳೇ 32 ಬಿಟ್ ವಿಂಡೋಸ್ ಇದ್ದರೆ ಮೊದಲೇ ಹೇಳಿ. 2025ರ ಮಾರ್ಚ್‌ನಲ್ಲಿ ಬಂದ ಜಾವಾ 24ರಿಂದ 32 ಬಿಟ್ ವಿಂಡೋಸ್ ಬೆಂಬಲ ಪೂರ್ತಿ ತೆಗೆದಿದ್ದಾರೆ. ಹಂಗಿದ್ದಾಗ ಜಾವಾ 8ರ ಮೇಲೆ ಮಾಡಿಸಬಹುದು. ಆದ್ರೆ 2019ರ ಏಪ್ರಿಲ್‌ನಿಂದ ಒರಾಕಲ್‌ನ ಜಾವಾ 8 ಹೊಸ ಅಪ್‌ಡೇಟ್‌ಗಳನ್ನ ವ್ಯಾಪಾರಕ್ಕೆ ಬಳಸಲು ದುಡ್ಡಿನ ಲೈಸೆನ್ಸ್ ಬೇಕು. ಟೆಮುರಿನ್ ಅನ್ನೋ ಜಾವಾ ಪುಕ್ಕಟೆ ಸಿಗುತ್ತೆ, ಅದನ್ನೇ ಹಾಕಿಸಿ.

64 ಬಿಟ್ ಇದ್ದರೆ ಜೆಪ್ಯಾಕೇಜ್ ಬಳಸೋಕೆ ಹೇಳಿ. 2021ರ ಜಾವಾ 16ರಿಂದ ಇದು ಜಾವಾದ ಪೂರ್ಣ ಭಾಗ. ಜಾವಾವನ್ನೂ ಸೇರಿಸಿ ಒಂದೇ ಇನ್‌ಸ್ಟಾಲ್ ಫೈಲ್ ಮಾಡಿಕೊಡುತ್ತೆ, ಅಂಗಡಿಯಲ್ಲಿ ಬೇರೆ ಜಾವಾ ಹಾಕಬೇಕಿಲ್ಲ.

ಗಿರಾಕಿ ಹೆಸರು ಕನ್ನಡದಲ್ಲಿ ಬರೋದಿದ್ರೆ ಯೂನಿಕೋಡ್‌ನಲ್ಲೇ ಸೇವ್ ಆಗಲಿ. ಹಳೇ ನುಡಿ ಫಾಂಟ್‌ನಲ್ಲಿ ತುಂಬಿದ ಉದ್ರಿ ಪಟ್ಟಿ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಆಗುತ್ತೆ.

ಪೂರ್ತಿ ದುಡ್ಡು ಕೊಡೋ ಮುಂಚೆ ಪ್ರಾಜೆಕ್ಟ್ ಫೋಲ್ಡರ್ ಇಡಿಯಾಗಿ, ಡೇಟಾಬೇಸ್ ಪಾಸ್‌ವರ್ಡ್ ಸಮೇತ ಪೆನ್‌ಡ್ರೈವ್‌ನಲ್ಲಿ ಇಸ್ಕೊಳ್ಳಿ. ಜಿಎಸ್‌ಟಿ ದರ ಬದಲಿಸೋಕೆ ಒಂದು ಪರದೆ ಕೊಟ್ಟಿದ್ದಾನಾ ನೋಡಿ. ಅವನ ಎದುರಿಗೇ ನೀವೇ ಒಂದ್ಸಲ ದರ ಬದಲಿಸಿ, ಬಿಲ್ ತೆಗೆದು ನೋಡಿ.