ಕಲ್ಲಿದ್ದಲ ಬೂದಿ, ಗಟ್ಟಿ ಕಾಂಕ್ರೀಟು

ಒಲೆಯ ಬೂದಿಯಿಂದ ನಾವು ಪಾತ್ರೆ ತಿಕ್ಕುತ್ತೇವೆ. ತೆಂಗಿನ ಬುಡಕ್ಕೆ ಹಾಕುತ್ತೇವೆ. ಬೂದಿಯಿಂದ ಮನೆ ಕಟ್ಟಬಹುದೇ? ಕಟ್ಟಬಹುದು. ಆದರೆ ಅದು ಒಲೆಯ ಬೂದಿ ಅಲ್ಲ, ಕಲ್ಲಿದ್ದಲ ಬೂದಿ.

ರಾಯಚೂರಿನ ಹತ್ತಿರ ಶಕ್ತಿನಗರ ಇದೆ. ಅಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ತಯಾರಿಸುತ್ತಾರೆ. ಹೊಗೆಯ ಜೊತೆ ನುಣ್ಣನೆಯ ಬೂದಿ ಮೇಲೇಳುತ್ತದೆ. ಇದೇ ಹಾರುಬೂದಿ. ಇಂಥ ಬೂದಿಯನ್ನು ಕಾರ್ಖಾನೆಯಲ್ಲಿ ಸಿಮೆಂಟಿಗೆ ಸೇರಿಸುತ್ತಾರೆ. ಅದಕ್ಕೆ ಪಿ.ಪಿ.ಸಿ. ಸಿಮೆಂಟು ಅಂತ ಹೆಸರು. ಅದರಲ್ಲಿ ನೂರಕ್ಕೆ 15ರಿಂದ 35 ಪಾಲು ಬೂದಿ ಇರಬಹುದು. ಎಷ್ಟಿದೆ ಎಂದು ಚೀಲದ ಮೇಲೆ ಅಚ್ಚು ಹಾಕಿರಬೇಕು. ಅಂಕಿ ಕಲಿತ ನೀವೇ ಓದಿ ನೋಡಿ.

ನಮ್ಮ ದೇವಬಾಗಕ್ಕೆ ಇದರಿಂದ ಏನು ಲಾಭ? ಇಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಳಿ ನದಿ. ಗಾಳಿಯಲ್ಲೇ ಉಪ್ಪು. ಉಪ್ಪು ಕಾಂಕ್ರೀಟಿನೊಳಗೆ ಇಳಿದರೆ ಕಬ್ಬಿಣದ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಉಬ್ಬುತ್ತದೆ. ಸ್ಲ್ಯಾಬು ಬಿರಿದು ಚಕ್ಕೆ ಬೀಳುತ್ತದೆ. ಮೀನು ಮಾರಿ ಕೂಡಿಸಿದ ದುಡ್ಡು ಹೋಯಿತು! ಕೆಳಗೆ ಮಲಗಿದ ಮಕ್ಕಳಿಗೂ ಅಪಾಯ.

ಸಿಮೆಂಟಿಗೆ ನೀರು ಸೇರಿದಾಗ ಸ್ವಲ್ಪ ಸುಣ್ಣ ಹುಟ್ಟುತ್ತದೆ. ಬೂದಿ ಆ ಸುಣ್ಣದ ಜೊತೆ ನಿಧಾನವಾಗಿ ಕೂಡಿ ಅಂಟಾಗುತ್ತದೆ. ಸಣ್ಣ ತೂತುಗಳು ಮುಚ್ಚುತ್ತವೆ. ಉಪ್ಪಿಗೆ ದಾರಿ ಕಡಿಮೆಯಾಗುತ್ತದೆ.

ಇನ್ನು ಗಾಳಿಯ ಮಾತು. ಇಡ್ಲಿಯಲ್ಲಿ ತೂತು ಇದ್ದರೆ ಚೆಂದ. ಕಾಂಕ್ರೀಟಿನಲ್ಲಿ ಇದ್ದರೆ ಕೇಡು. ನೂರಕ್ಕೆ 5 ಪಾಲು ಗಾಳಿ ಒಳಗೇ ಉಳಿದರೆ, ಶಕ್ತಿ ನೂರಕ್ಕೆ ಸುಮಾರು 30 ಪಾಲು ಕಡಿಮೆಯಾಗುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಮಾತ್ರ ಬೇರೆ ರೀತಿ. ಅಲ್ಲಿ ಔಷಧ ಹಾಕಿ ಬೇಕೆಂದೇ ಸಣ್ಣ ಸಣ್ಣ ಗುಳ್ಳೆ ಮಾಡುತ್ತಾರೆ. ಒಳಗಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಗುಳ್ಳೆ ಜಾಗ ಕೊಡುತ್ತದೆ. ಬೂದಿಯಲ್ಲಿ ಸುಡದ ಇದ್ದಲಿನ ಪುಡಿ ಉಳಿದಿದ್ದರೆ, ಅದು ಆ ಔಷಧವನ್ನು ಹೀರಿಬಿಡುತ್ತದೆ. ಅದಕ್ಕೇ ಅವರು ಬೂದಿಯನ್ನು ಪರೀಕ್ಷಿಸುತ್ತಾರೆ, ಗಾಳಿಯನ್ನು ಅಳೆಯುತ್ತಾರೆ. ನಮ್ಮಲ್ಲಿ ಹಿಮ ಇಲ್ಲ. ಆದ್ದರಿಂದ ನಾವು ಗಾಳಿಯನ್ನು ಹೊರಗೆ ಹಾಕಬೇಕು.

ಹಾಗಾದರೆ ನಾವು ಏನು ಮಾಡಬೇಕು?

1. ಸಿಹಿನೀರಿನಲ್ಲೇ ಕಲಸಬೇಕು. ಉಪ್ಪುನೀರು, ಸಮುದ್ರದ ಮರಳು ಬೇಡ.
2. ನೀರು ಹೆಚ್ಚು ಸುರಿಯಬಾರದು. ಹಾರುಬೂದಿಯ ಕಣ ದುಂಡಗಿರುತ್ತದೆ. ಕಡಿಮೆ ನೀರಿನಲ್ಲೂ ಚೆನ್ನಾಗಿ ಜಾರುತ್ತದೆ.
3. ವೈಬ್ರೇಟರಿನಿಂದ ಕಾಂಕ್ರೀಟು ಕೂರಿಸಬೇಕು. ಗುಳ್ಳೆ ಮೇಲೆ ಬಂದು ಒಡೆಯುತ್ತವೆ.
4. ಕಡಿಮೆಯೆಂದರೂ 10 ದಿನ ಒದ್ದೆಯಾಗಿ ಇಡಬೇಕು. ಈ ಸಿಮೆಂಟು ನಿಧಾನವಾಗಿ ಗಟ್ಟಿಯಾಗುತ್ತದೆ. ಕೆಳಗಿನ ಆಧಾರದ ಕಂಬಗಳನ್ನು ಅವಸರದಲ್ಲಿ ಕೀಳಬಾರದು.
5. ಒಲೆಯ ಬೂದಿ ಬೆರೆಸಲೇಬಾರದು.

ಮೇಸ್ತ್ರಿಯವರ ಹತ್ತಿರ ಕೇಳಲು ನಾಚಿಕೆ ಬೇಡ. ಮನೆ ನಮ್ಮದು. ಕೇಳೋಣ, ನೋಡೋಣ, ಗಟ್ಟಿಯಾಗಿ ಕಟ್ಟೋಣ.